ಔಷಧಿ ಬಿದ್ದ ನೆಲ

ಪ್ರೀತಿಯ ಅಪ್ಪಾ,

ಔಷಧಿ ಹೊಡೆಯುವ ಪಂಪನ್ನು ಅಟ್ಟಕ್ಕೆ ಹಾಕಿ ಕೂತಿದ್ದೀಯಂತೆ. ನನ್ನ ಹೆಸರೆತ್ತಿದರೆ ಎದ್ದು ಹೋಗುತ್ತೀಯಂತೆ. "ಮಗಳ ಹೊಟ್ಟೆ ಮೇಲೆ ಹೊಡೆದವನು ನಾನು" ಅಂದೆಯಂತೆ. ಅಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ಅಯ್ಯೋ, ಇದೆಂಥ ಮಾತಪ್ಪಾ!

ನಮ್ಮಿಬ್ಬರ ಕಸುಬೇ ಎತ್ತು ಏರಿಗೆ, ಕೋಣ ನೀರಿಗೆ. ಊರವರ ಬಾಗಿಲು, ಕಪಾಟಿನ ಗೆದ್ದಲು ಕೊಂದು ನೀನು ನನ್ನನ್ನು ಓದಿಸಿದೆ. ನಾನು ಈ ಮರಳುಗಾಡಿಗೆ ಬಂದು, ಅವು ಮಣ್ಣಿಗೇನು ಮಾಡುತ್ತವೆಂದು ಲೆಕ್ಕ ಇಡಲು ಅದೇ ಗೆದ್ದಲನ್ನು ಕಾಯುತ್ತಾ ಕೂತೆ. ಹೋದ ತಿಂಗಳು ನನ್ನ ಕೆಲಸ ನೋಡಲು ಬಂದ ನೀನು, ನಾನು ಲ್ಯಾಬಿನೊಳಗಿದ್ದಾಗ ಒಬ್ಬನೇ ಹೊರಗೆ ಸುತ್ತಿದೆ. ಗುರುತಿಗೆಂದು ನೆಟ್ಟ ನನ್ನ ಮರದ ಗೂಟಗಳನ್ನು ಗೆದ್ದಲು ಮುಕ್ಕುತ್ತಿದ್ದವು. ನಿನ್ನ ಕೈ ಸುಮ್ಮನಿದ್ದೀತೇ? ಚೀಲದಲ್ಲಿದ್ದ ಔಷಧಿ ತೆಗೆದು ಹೊಡೆದೇಬಿಟ್ಟೆ. "ಇನ್ನು ಒಂದು ಹುಳ ಹತ್ರ ಬಂದ್ರೆ ಕೇಳು!" ಅಂತ ಹೆಮ್ಮೆ ಬೇರೆ.

ನಾನು ಅತ್ತದ್ದು ನಿಜ. ಎರಡು ವರ್ಷದ ಕೆಲಸ ಮಣ್ಣುಪಾಲಾಯಿತು. ಇಲ್ಲ ಅಂತ ಸುಳ್ಳು ಹೇಳಿ ನಿನ್ನನ್ನು ಸಮಾಧಾನ ಮಾಡಲಾರೆ.

ಮೊನ್ನೆ ಇಲ್ಲಿ ಮಳೆ ಬಂತು. ನೀನು ಔಷಧಿ ಹೊಡೆದ ಕಡೆ ನೀರು ಮೇಲ್ಮೇಲೇ ಹರಿದುಹೋಯಿತು. ಒಣಹುಲ್ಲು, ಲದ್ದಿ ಬಿದ್ದಲ್ಲೇ ಬಿದ್ದಿವೆ. ಗೆದ್ದಲು ಉಳಿದಿರುವ ಕಡೆ, ಅವು ಕೊರೆದ ತೂತುಗಳಲ್ಲಿ ನೀರು ಒಳಗಿಳಿಯಿತು. ಒಣಗಿದ್ದನ್ನೆಲ್ಲ ಆ ಹುಳಗಳು ಕೆಳಗೆ ಹೊತ್ತು, ತಿಂದು, ಆಳದ ಮಣ್ಣನ್ನು ಬಾಯಲ್ಲಿ ಕಚ್ಚಿ ಮೇಲೆ ತಂದು ಸುರಿದಿವೆ. ಹುಲ್ಲು ಚಿಗುರಿದ್ದು ಅಲ್ಲೇ. ಇಲ್ಲಿ ಗೊಬ್ಬರ ಹಾಕುವವರು ಯಾರಿದ್ದಾರೆ ಹೇಳು? ಸತ್ತದ್ದರ ಸತ್ವ ಮತ್ತೆ ಬೇರಿಗೆ ಸಿಗಬೇಕಾದರೆ ಈ ಹುಳಗಳೇ ದಿಕ್ಕು. ಹಿಂದೊಮ್ಮೆ ಊಟಕ್ಕೆ ಕೂತಾಗ ಇದನ್ನೇ ಹೇಳಿದ್ದೆ. "ಕಪಾಟು ತಿನ್ನೋದೂ ಒಂದು ಸೇವೆಯೇನೇ?" ಅಂತ ನೀನು ಬಿದ್ದು ಬಿದ್ದು ನಕ್ಕಿದ್ದೆ.

ಕೆಲಸ ಮೊದಲಿಂದ ಶುರು ಮಾಡುತ್ತೇನೆ, ಈ ಸಲ ಕಬ್ಬಿಣದ ಗೂಟ! ಹುಳ ಸತ್ತದ್ದಕ್ಕೆ ಅತ್ತು ಮುಗಿಯಿತು. ನೀನು ಮಾತು ಬಿಟ್ಟಿದ್ದಕ್ಕೆ ಮಾತ್ರ ಅಳು ನಿಲ್ಲುತ್ತಿಲ್ಲ ಅಪ್ಪಾ. ನನ್ನ ಗೂಟ ಹಾಳಾಗಬಾರದು ಅಂತ ಬಿಸಿಲಲ್ಲಿ ಬಗ್ಗಿ ಬಗ್ಗಿ ಔಷಧಿ ಹೊಡೆದವನ ಮೇಲೆ ನನಗೆಂಥ ಸಿಟ್ಟು?

ಶುಕ್ರವಾರದ ಬಸ್ಸಿಗೆ ಬರುತ್ತಿದ್ದೇನೆ. ಕಾಗದದ ಕೊನೆಗೆ ಆಶೀರ್ವಾದ ಬೇಡಬೇಕಲ್ಲ, ಅದನ್ನು ನಿನ್ನ ಬಾಗಿಲಲ್ಲೇ ನಿಂತು ಬೇಡುತ್ತೇನೆ. ಮನಸ್ಸಿನಲ್ಲೇ ಹರಸಿದರೆ ಒಳಗೆ ಕಾಲಿಡುವುದಿಲ್ಲ. ಬಾಯಿಬಿಟ್ಟೇ ಹರಸಬೇಕು.

ನಿನ್ನಷ್ಟೇ ಹಠಮಾರಿ,
ಮಗಳು