ಹಿಂದಿನ ಚಕ್ರದ ಬೋಲ್ಟು

ಅಕ್ಕಾ,

ನೀನು ತೀರಿಹೋಗಿ ಮೂರು ತಿಂಗಳಾಯಿತು. ನಿನ್ನ ಬಟ್ಟೆಬರೆಯ ಜೊತೆ ಭಾವ ಆ ಕ್ರೂಸರ್ ಸೈಕಲನ್ನೂ ಕಳಿಸಿದ್ದಾರೆ. "ಬಿದ್ದ ಮೇಲೆ ಅವಳು ಅದನ್ನ ಮುಟ್ಟಲೇ ಇಲ್ಲ, ನೀನಾದ್ರೂ ಓಡಿಸು" ಅಂದರು.

ಇವತ್ತು ಬೆಳಿಗ್ಗೆ ಚೈನಿಗೆ ಎಣ್ಣೆ ಬಿಟ್ಟು, ಗಾಳಿ ಹೊಡೆದೆ. ಈ ಸೈಕಲ್ಲಿಗೆ ಪೆಡಲನ್ನು ಹಿಂದಕ್ಕೆ ತುಳಿದರೇ ಬ್ರೇಕು. ತುಳಿದೆ, ಹಿಡಿಯಲಿಲ್ಲ. ಬಗ್ಗಿ ನೋಡಿದರೆ, ಬ್ರೇಕಿನ ಪಟ್ಟಿಯನ್ನು ಫ್ರೇಮಿಗೆ ಬಿಗಿಯುವ ಬೋಲ್ಟೇ ಇಲ್ಲ.

ಬೇರೆ ಬೋಲ್ಟು ಹುಡುಕಲು ನನ್ನ ಪಂಕ್ಚರ್ ಡಬ್ಬಿ ತೆರೆದರೆ, ಅದು ಅಲ್ಲೇ ಇತ್ತು. ಡಬ್ಬಿ ಮುಚ್ಚಿ ಮತ್ತೆ ತೆರೆದೆ, ಅದೇ ಬೋಲ್ಟು. ನೀನು ಬೀಳುವ ಹಿಂದಿನ ದಿನ ಆ ಚಕ್ರ ಬಿಚ್ಚಿ ಪಂಕ್ಚರ್ ಹಾಕಿದವನು ನಾನೇ.

"ಬ್ರೇಕ್ ಹಿಡೀಲಿಲ್ಲ ಕಣೋ" ಅಂದಿದ್ದೆ ನೀನು, ಮೊಣಕೈಯ ರಕ್ತ ಒರೆಸಿಕೊಳ್ಳುತ್ತಾ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದೆ ನಾನು, ಮನೆಮಂದಿಯೆಲ್ಲರ ಎದುರು. ಎಲ್ಲರೂ ನಕ್ಕರು. ನೀನೂ ನಕ್ಕೆ. ಆಮೇಲೆ ಎಲ್ಲಿಗೆ ಹೋದರೂ ನಡೆದೇ ಹೋದೆ.

ಬೋಲ್ಟು ಬಿಗಿಯಲು ಎರಡು ನಿಮಿಷವೂ ಆಗಲಿಲ್ಲ. ನೀನು ಬಿದ್ದ, ನಮ್ಮ ಬೀದಿಯ ಅದೇ ಇಳಿಜಾರಿನಲ್ಲಿ ಓಡಿಸಿಕೊಂಡು ಹೋದೆ. ನೀನು ಗುದ್ದಿದ ಗೋಡೆಗೆ ಒಂದು ಗೇಣು ಇರುವಾಗ ಸೈಕಲ್ ಗಕ್ಕನೆ ನಿಂತಿತು. ಸುತ್ತ ಯಾರೂ ಇರಲಿಲ್ಲ. ಆದರೂ ಗಟ್ಟಿಯಾಗಿಯೇ ಹೇಳಿದೆ.

ನೆಲ ಡೊಂಕಾಗಿಯೇ ಇತ್ತು, ಅಕ್ಕಾ.