ಬಾಗಿಲಲ್ಲಿ ತೊಳೆದ ಚಂದ್ರಿಕೆ

ಚಿಂತಾಮಣಿ
ಭಾನುವಾರ, ೯ ಫೆಬ್ರವರಿ ೨೦೨೫

ನನ್ನ ಚಿಕ್ಕವೆಂಕಟಮ್ಮಜ್ಜಿಗೆ,

ಕಣ್ಣು ಹೇಗಿದೆ? ಪೊರೆ ತೆಗೆಸಿದ ಮೇಲೆ ಅತ್ತೆಯ ಊರು ವಿದುರಾಶ್ವತ್ಥದ ಕೋತಿಗಳ ಹಲ್ಲೂ ಕಾಣುತ್ತಿದೆಯಂತೆ, ವರಲಕ್ಷ್ಮತ್ತೆ ಹೇಳಿದಳು. ಒಲೆ ಮುಂದೆ ಕೂರಬೇಡ. ಡ್ರಾಪ್ಸ್ ಹಾಕುವಾಗ ಅತ್ತೆಯನ್ನು ಬೈಯಬೇಡ, ಈ ಪತ್ರ ಓದಿ ಹೇಳಬೇಕಾದವಳು ಅವಳೇ. ನನ್ನ ಕೈಯೆಲ್ಲ ಬ್ಲೀಚಿಂಗ್ ಪುಡಿ. ಅದಕ್ಕೇ ಬಾಯಲ್ಲಿ ಹೇಳುತ್ತಿದ್ದೇನೆ, ಫೋನು ಬರೆದುಕೊಳ್ಳುತ್ತಿದೆ. ತಪ್ಪಿದ್ದರೆ ಅದನ್ನು ಬೈಯಿ.

ಅಜ್ಜಿ, ನಮ್ಮ ಬಿದಿರಿನ ಚಂದ್ರಿಕೆಗಳ ಬಾಡಿಗೆ ವ್ಯಾಪಾರ ಇಲ್ಲಿ ಮುಗ್ಗರಿಸಿದೆ. ದಿಬ್ಬೂರಹಳ್ಳಿಯಲ್ಲಿ ನಿನ್ನ ಚಂದ್ರಿಕೆಗಳು ಮನೆಯಿಂದ ಮನೆಗೆ ತಿರುಗಿ ಹನ್ನೆರಡು ಮನೆಯ ರೇಷ್ಮೆಹುಳಕ್ಕೆ ಗೂಡು ಕಟ್ಟಲು ಜಾಗ ಕೊಡುತ್ತಿದ್ದವು. ಪ್ರತಿಯೊಬ್ಬರೂ ಬಿದಿರು ಕಡಿಸಿ, ಹೆಣೆಸಿ, ಐದು ದಿನ ಬಳಸಿ ಉಳಿದ ದಿನ ಗೋಡೆಗೆ ಒರಗಿಸುವುದಕ್ಕಿಂತ ಇದೇ ವಾಸಿಯಲ್ಲವೇ? ಹನ್ನೆರಡಕ್ಕೆ ಆದದ್ದು ನೂರಿಪ್ಪತ್ತಕ್ಕೆ ಏಕಾಗದು ಎಂದು ಊರು ಬಿಟ್ಟು ಬಂದು ಇಲ್ಲಿ ಶೆಡ್ ಹಿಡಿದೆ. ಮೊದಲ ಪೆಟ್ಟು, ಎಲ್ಲರ ಹುಳವೂ ಒಂದೇ ವಾರ ಹಣ್ಣಾಗಿ ಗೂಡು ಕಟ್ಟಲು ಬಂದವು, ಚಂದ್ರಿಕೆ ಸಾಲಲಿಲ್ಲ. ನೀನಾದರೆ ಮನೆಮನೆ ತಿರುಗಿ, ಮರಿಹುಳ ತರುವ ದಿನವನ್ನೇ ಹಿಂದೆಮುಂದೆ ಮಾಡಿಸುತ್ತಿದ್ದೆ. ಇಲ್ಲಿ ನನ್ನ ಮಾತಿಗೆ ಯಾರು ದಿನ ಬದಲಿಸುತ್ತಾರೆ?

ಇನ್ನೊಂದು ನನ್ನದೇ ಜಾಣತನ. ನೀನು ಆಯಾ ಮನೆಯ ಬಾಗಿಲಲ್ಲೇ, ಮನೆಯಾಕೆಯ ಕಣ್ಣೆದುರು ತೊಳೆದು ಒಳಗೆ ಕೊಡುತ್ತಿದ್ದೆ. ನೀರೂ ಹೊತ್ತೂ ದಂಡವೆಂದು ನಾನು ಶೆಡ್ಡಿನಲ್ಲಿ ಒಟ್ಟಿಗೆ ತೊಳೆದು ಆಟೋದಲ್ಲಿ ಒಯ್ದೆ. ಅಮ್ಮಾಜಮ್ಮ ಎಂಬಾಕೆ ಬಾಗಿಲಿಗೆ ಅಡ್ಡ ನಿಂತರು: “ಯಾರ ಮನೆ ರೋಗ ಹೊತ್ಕೊಂಡು ಬಂದಿದ್ಯೋ ಏನೋ! ನನ್ ಕಣ್ಮುಂದೆ ತೊಳೀದೆ ಹುಳದ್ ಮನೆಗೆ ಬಿಡಲ್ಲ ಕಣಪ್ಪ. ನಿಮ್ಮನೇಲಿ ದೊಡ್ಡೋರು ಯಾರೂ ಇಲ್ವಾ?” ಆಟೋದವನೂ ನಕ್ಕ. ಜೊತೆಗಾರ ಮೋಹನ್‌ಬಾಬುವಿನದು ಒಂದೇ ಹಟ: “ವದಿಲೇಯ್ ರಾ, ಬಿಟ್ಬಿಡು. ಚಂದ್ರಿಕೆ ಬದ್ಲು ಪ್ಲಾಸ್ಟಿಕ್ ಬಲೆ ತಂದು ಮಾರಣ. ಆಮೇಲೆ ತೊಳೆಯೋದು ಅವ್ರ ತಲೆನೋವು.” ನಿಜ, ಮಾರಿದರೆ ಬೇಗ ಬೆಳೆಯಬಹುದು. ವಸ್ತು ಒಂದು ಸಲ ಹೋದರೆ ಮುಗಿಯಿತು. ನಮ್ಮದರಲ್ಲಿ ಪ್ರತಿ ಸಲವೂ ಮನುಷ್ಯ ಹೋಗಬೇಕು. ಮನುಷ್ಯರನ್ನು ಆಟೋದಲ್ಲಿ ಪೇರಿಸಲಾಗುವುದಿಲ್ಲ.

ಆದರೂ ನಾನು ಬಲೆ ಮಾರುವುದಿಲ್ಲ. ಶೆಡ್ ಬಿಡುತ್ತೇನೆ. ಊರಿಗೊಬ್ಬರು, ಆ ಊರಿನವರೇ, ಹತ್ತೇ ಮನೆ ನೋಡಿಕೊಂಡು ಬಾಗಿಲಲ್ಲಿ ತೊಳೆಯಲಿ. ಮೂರು ಊರಿಗೆ ಮೂರು ವರ್ಷ ಹಿಡಿದರೆ ಹಿಡಿಯಲಿ.

ಅತ್ತೆ ಮಾವನಿಗೆ ನಮಸ್ಕಾರ ಹೇಳು. ಕಪ್ಪು ಕನ್ನಡಕ ತೆಗೆಯಬೇಡ, ಅದರಲ್ಲಿ ನೀನು ಭಾರಿ ಜೋರಾಗಿ ಕಾಣುತ್ತೀಯ.

ನಿನ್ನ ಮೊಮ್ಮಗ,
ಚೈತನ್ಯ

ಮರೆಯುವ ಮುಂಚೆ: ಅತ್ತೆ, ಇದನ್ನೂ ಓದಿ ಹೇಳು, ನುಂಗಬೇಡ. ಆ ಅವಸರದ ವಾರ ಕೋನಪ್ಪ ಎಂಬುವವರ ಮನೆಗೆ ಮೂವತ್ತು ಚಂದ್ರಿಕೆ ತೊಳೆಯದೆಯೇ ಹೋದವು. ಅವರು ಕೇಳಿದಾಗ ತೊಳೆದದ್ದೇ ಎಂದೆ. ಅವರ ಮುಂದಿನ ಬೆಳೆಯ ಹುಳವೆಲ್ಲ ಹಾಲುರೋಗಕ್ಕೆ ಹೋಯಿತು. ನಮ್ಮಿಂದಲೋ ಅಲ್ಲವೋ ಗೊತ್ತಿಲ್ಲ. ಸುಳ್ಳು ಹೇಳಿದ್ದಂತೂ ಗೊತ್ತು. ಈಗ ಅವರಲ್ಲಿಗೇ ಹೊರಟಿದ್ದೇನೆ. ಇದ್ದದ್ದು ಹೇಳಿ, ಹುಳದ ಮನೆ ತೊಳೆದುಕೊಟ್ಟು, ಮುಂದಿನ ಬೆಳೆಗೆ ಹಿಪ್ಪುನೇರಳೆ ಸೊಪ್ಪು ನಾನೇ ಹೊರುತ್ತೇನೆ. ಬಾಗಿಲು ತೆಗೆಯದಿದ್ದರೆ ತೆಗೆಯುವ ತನಕ ಜಗಲಿಯಲ್ಲಿರುತ್ತೇನೆ.