ನಮ್ಮ ಮನೆಯ ಅಚ್ಚು

ತಂಪುಕೇರಿ, ಕೋಲಾರ
ಫೆಬ್ರವರಿ ೩೦, ೨೧೫೧

ನನ್ನ ಮುತ್ತಜ್ಜಿಯ ತಾಯಿ ಮುನಿಲಕ್ಷ್ಮಿಯವರಿಗೆ,

ಮೇಲಿನ ತಾರೀಖು ತಪ್ಪಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಹಬ್ಬವೆಂದು ಸೇರಿಸಿದ್ದಾರೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ, ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಆದರೂ ಇದನ್ನು ಕನ್ನಡದಲ್ಲೇ ಬರೆಯಬೇಕು, ಏಕೆಂದರೆ ನಮ್ಮ ಮನೆಯಲ್ಲಿ ತಾಯಿಯಿಂದ ಮಗಳಿಗೆ ಇಳಿದು ಬಂದ ಮಾತು ಕನ್ನಡದ್ದು: "ನಮ್ಮನೆ ಹೆಣ್ಮಕ್ಕಳಿಗೆ ಹಿಂಗೇ ಕಣೇ." ಅದನ್ನು ಮೊದಲು ಹೇಳಿದವರು ನೀವೆಂದು ಅಮ್ಮ ಹೇಳುತ್ತಾಳೆ. ಇರಬಹುದು. ನಿಮಗೂ ಯಾರೋ ಹೇಳಿರಬಹುದು.

ನಾವು ಇರುವುದು ನೆಲದ ಕೆಳಗೆ. ಮೇಲಿನ ಬಿಸಿಲು ತಡೆಯಲಾಗದೆ ಹಳೆಯ ಚಿನ್ನದ ಗಣಿಯ ಸುರಂಗಗಳನ್ನೇ ಬೀದಿಗಳನ್ನಾಗಿ ಮಾಡಿಕೊಂಡಿದ್ದೇವೆ. ತಂಪುಕೇರಿ ಎಂಬ ಹೆಸರು ಅದಕ್ಕೇ. ಗೋಡೆಯಿಂದ ಜಿನುಗುವ ನೀರಿನಲ್ಲಿ ಸೊಪ್ಪು ಬೆಳೆಯುತ್ತೇವೆ, ಮುದ್ದೆಯ ರಾಗಿ ಮಾತ್ರ ಹೊರಗಿನಿಂದ ಬರುತ್ತದೆ. ದೀಪಕ್ಕೂ ಗಾಳಿಯಂತ್ರಕ್ಕೂ ವಿದ್ಯುತ್ತು ಕೊಡುವುದು ಕನ್ನಡಿಗದ್ದೆ, ಅಂದರೆ ನೆಲದ ಮೇಲೆ ಸಾಲಾಗಿ ನಿಲ್ಲಿಸಿದ, ಬಿಸಿಲು ಹಿಡಿಯುವ ಕನ್ನಡಿಗಳು. ಸೂರ್ಯ ಹುಟ್ಟುವ ಮೊದಲು ಹತ್ತಿ ಹೋಗಿ ಅವುಗಳ ಧೂಳೊರೆಸುವವರಿಗೆ ಇಲ್ಲಿ ಬಹಳ ಮರ್ಯಾದೆ. ನನ್ನ ಮಗಳು ನೇಸರಾ ಚಿಕ್ಕಂದಿನಿಂದ ಬಯಸಿದ್ದು ಆ ಕೆಲಸವನ್ನೇ. ದಿನಾ ಆಕಾಶ ನೋಡಲು ಸಿಗುವ ಕೆಲಸ ಅದೊಂದೇ. ಆದರೆ ಕಳೆದ ವರ್ಷ, ನೆಲದ ಮೇಲಕ್ಕೆ ಹತ್ತುವ ಏರುದಾರಿಯ ಪರೀಕ್ಷೆಯಲ್ಲಿ ಅವಳು ಅರ್ಧ ಹತ್ತುವಷ್ಟರಲ್ಲಿ ಕಣ್ಣುಕತ್ತಲೆ ಬಂದು ಕುಸಿದಳು. ಇನ್ನೊಂದೇ ಅವಕಾಶ ಕೊಡುತ್ತಾರೆ. ಅದು ನಾಳೆ.

ಇಲ್ಲಿ ನೀರನ್ನು ಅಳೆದು ಕೊಡುವುದರಿಂದ ಮುಟ್ಟಿನ ಬಟ್ಟೆ ಒಗೆಯುವ ಮಾತಿಲ್ಲ, ಎಲ್ಲರೂ ಒಳಗಿಟ್ಟುಕೊಂಡು ಸ್ರಾವ ಹಿಡಿಯುವ ಬಟ್ಟಲನ್ನೇ ಬಳಸುತ್ತಾರೆ. ಪ್ರತಿ ಮನೆಯಲ್ಲೂ ಒಂದು ಅಚ್ಚು ಇರುತ್ತದೆ. ಮಗಳು ದೊಡ್ಡವಳಾದ ದಿನ ತಾಯಿ ಅದರಲ್ಲಿ ಮೆದುರಬ್ಬರು ಎರೆದು ಅವಳಿಗೆ ಬಟ್ಟಲು ಮಾಡಿಕೊಡುತ್ತಾಳೆ. ಸಂಜೆಗೆ ಹೆಸರುಬೇಳೆ ಪಾಯಸ. ಆಮೇಲೆ ಆ ಬಟ್ಟಲನ್ನು ಯಾರಿಗೂ ತೋರಿಸುವ ರೂಢಿಯಿಲ್ಲ. ಹಾಗಾಗಿ ನಮ್ಮ ಅಚ್ಚು ಬೇರೆಯವರದಕ್ಕಿಂತ ದೊಡ್ಡದೆಂದು ನಮಗೆ ತಿಳಿಯಲೇ ಇಲ್ಲ. ಅಜ್ಜಿ ಅದನ್ನು ಕೆರೆದು ಅಗಲ ಮಾಡಿದ್ದರು, ಅಮ್ಮ ಇನ್ನಷ್ಟು ಆಳ ಮಾಡಿದ್ದಳು. ಬಟ್ಟಲು ತುಂಬಿ ಸೋರುತ್ತದೆಂದರೆ ಅಚ್ಚನ್ನು ತಿದ್ದುವುದೇ ನಮಗೆ ಗೊತ್ತಿದ್ದ ಔಷಧ.

ಒಂದು ದಿನ ತರಬೇತಿಯ ಕೋಣೆಯಲ್ಲಿ ನೇಸರಾಳ ಜೊತೆಗಾತಿ ಶಮೀಮ್ ತನ್ನ ಬಟ್ಟಲನ್ನು ಕುದಿಸುತ್ತಿದ್ದಳಂತೆ. "ಇದೇನೇ, ಗೊಂಬೆಗಾ?" ಎಂದು ಇವಳು ನಕ್ಕಳು. ಇವಳು ತನ್ನದನ್ನು ಚೀಲದಿಂದ ತೆಗೆದು ತೋರಿಸಿದಾಗ ಶಮೀಮ್ ನಗಲಿಲ್ಲ.

"ಇದು ದಿನಕ್ಕೊಂದ್ಸಲ ತುಂಬತ್ತಾ?"

"ದಿನಕ್ಕಾ? ಮಧ್ಯಾಹ್ನದೊಳಗೆ ಮೂರ್ಸಲ ಚೆಲ್ತೀನಿ."

"ಲೇ, ಕನ್ನಡಿ ಆಮೇಲೆ ಒರೆಸುವಂತೆ. ಮೊದ್ಲು ಡಾಕ್ಟರ್ ಹತ್ರ ನಡಿ."

ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ನಮ್ಮ ಮನೆಯ ಹೆಂಗಸರಲ್ಲಿ ಹುಟ್ಟಿನಿಂದಲೇ ಕಡಿಮೆ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ನೇಸರಾಳ ಮೈಯಲ್ಲಿ ಕಬ್ಬಿಣ ಬರಿದಾಗಿತ್ತು. ಅವಳನ್ನು ಏರುದಾರಿಯಲ್ಲಿ ಕೆಡವಿದ್ದು ಅದೇ. ಮುಟ್ಟಿನ ದಿನಗಳಲ್ಲಿ ಸ್ರಾವ ತಗ್ಗಿಸುವ ಮಾತ್ರೆ ಕೊಟ್ಟರು, ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ಕೊಟ್ಟರು. ಸಾಲದಿದ್ದರೆ ಹಾರ್ಮೋನಿನ ಚಿಕಿತ್ಸೆಯಿದೆ ಎಂದರು. ಇವು ನಮ್ಮ ಕಾಲದ ಪವಾಡಗಳಲ್ಲ. ಹಳೆಯ ವೈದ್ಯಪುಸ್ತಕಗಳನ್ನು ತೆರೆದು ನೋಡಿದೆ, ನಿಮ್ಮ ಕಾಲದಲ್ಲೂ ಇವೆಲ್ಲ ಇದ್ದವು.

ಅಮ್ಮನಿಗೆ ಹೇಳಿದಾಗ ಅವಳು ಅಚ್ಚನ್ನು ಮಡಿಲಲ್ಲಿಟ್ಟುಕೊಂಡು, ತಾನೇ ಆಳ ಮಾಡಿದ್ದ ತಳವನ್ನು ಬೆರಳಿನಿಂದ ಸವರಿದಳು. ಆಮೇಲೆ, "ಹಂಗಾದ್ರೆ ನಾನು ಸೋಮಾರಿ ಆಗಿರ್ಲಿಲ್ವೇನೇ?" ಎಂದಳು. ಅಪ್ಪ ಇರುವಷ್ಟು ದಿನವೂ, ಅವಳು ಸುಸ್ತೆಂದು ಕೂತಾಗಲೆಲ್ಲ ಹಾಗೆಂದು ಛೇಡಿಸುತ್ತಿದ್ದರು.

ನಿಮ್ಮನ್ನು ದೂರುವುದು ನ್ಯಾಯವೇ ಎಂದು ನನ್ನನ್ನೇ ಕೇಳಿಕೊಂಡೆ. ಅಲ್ಲ. ಮಗಳಿಗೆ ಧೈರ್ಯ ತುಂಬಲೆಂದೇ ನೀವು ಆ ಮಾತು ಹೇಳಿರುತ್ತೀರಿ. ಆದರೆ ಒಂದು ಕೋರಿಕೆಯಿದೆ. ಗಂಟೆಗೊಮ್ಮೆ ಪ್ಯಾಡ್ ಬದಲಿಸುವಂತಾದರೆ, ನಾಣ್ಯಕ್ಕಿಂತ ದೊಡ್ಡ ಹೆಪ್ಪು ಬಿದ್ದರೆ, ವಾರ ಕಳೆದರೂ ನಿಲ್ಲದಿದ್ದರೆ, ನಾಲ್ಕು ಮೆಟ್ಟಿಲಿಗೇ ಏದುಸಿರು ಬಂದರೆ, ಅದನ್ನು ನಿಮ್ಮ ತಾಯಿಯದಕ್ಕೆ ಹೋಲಿಸಿ ಸಮಾಧಾನ ಮಾಡಿಕೊಳ್ಳಬೇಡಿ. ವೈದ್ಯರಲ್ಲಿಗೆ ಹೋಗಿ, ಮಗಳನ್ನೂ ಕರೆದೊಯ್ಯಿರಿ. ಎಲ್ಲರಿಗೂ ಕಾರಣ ನಮ್ಮದೇ ಆಗಿರಬೇಕೆಂದಿಲ್ಲ. ಗರ್ಭಕೋಶದ ಗೆಡ್ಡೆಯಿರಬಹುದು, ಥೈರಾಯ್ಡ್ ಇರಬಹುದು. ಯಾವುದೆಂದು ಹುಡುಕಿಸಿ. "ಹೆಂಗಸರಿಗೆ ಇದೆಲ್ಲ ಇದ್ದದ್ದೇ" ಎಂದು ಅಲ್ಲೂ ಹೇಳಿದರೆ ಎದ್ದು ಬರಬೇಡಿ, ಮತ್ತೆ ಕೇಳಿ. ಸಹಿಸುವುದರಲ್ಲಿ ನಮ್ಮ ಮನೆಯವರು ಗಟ್ಟಿಗಿತ್ತಿಯರು. ಆ ಗಟ್ಟಿತನ ಅಲ್ಲಿ ಉಪಯೋಗಕ್ಕೆ ಬರಲಿ.

ಇಂದು ನೇಸರಾಳ ಮುಟ್ಟಿನ ಎರಡನೇ ದಿನ. ಪರೀಕ್ಷೆಯನ್ನು ಮುಂದೂಡಲು ಕೇಳೋಣವೇ ಎಂದೆ, ಬೇಡವೆಂದಳು. ಅವಳ ಚೀಲದಲ್ಲಿ ಮಾತ್ರೆಗಳಿವೆ, ಶಮೀಮಳ ಮನೆಯ ಅಚ್ಚಿನಲ್ಲಿ ಎರೆದ ಚಿಕ್ಕ ಬಟ್ಟಲಿದೆ. ಏರುದಾರಿಯ ಮೊದಲ ತಿರುವನ್ನೂ ಎಂದೂ ದಾಟದ ಅಮ್ಮ ಈ ಸಲ ತಾನೂ ಬರುತ್ತೇನೆಂದು ಚಪ್ಪಲಿ ತೆಗೆದಿಟ್ಟುಕೊಂಡಿದ್ದಾಳೆ. ನೇಸರಾ ಮುಂದೆ ಹೋಗಲಿ. ಅಮ್ಮನ ಕೈ ಹಿಡಿದುಕೊಂಡು, ಅಲ್ಲಲ್ಲಿ ಕೂತು, ನಾನು ಹಿಂದಿನಿಂದ ಹತ್ತಿಸಿಕೊಂಡು ಬರುತ್ತೇನೆ.

ನಿಮ್ಮ ಮರಿಮಗಳ ಮಗಳು,
ತಾರಿಣಿ